ಕಾಲುರಿಯ ಮದ್ದು

ಮದ್ದೂರು, ೩ ಜುಲೈ ೧೯೪೧, ಗುರುವಾರ

ಆಷಾಢ ಬಂತೆಂದರೆ ಸ್ಕೂಲಲ್ಲಿ ಸ್ಲೇಟು ನೋಡುವ ಕೆಲಸ ಹಿಂದೆ ಬೀಳುತ್ತದೆ. ಹುಡುಗಿಯರೆಲ್ಲ ಕೈ ಚಾಚುತ್ತಾರೆ — ಯಾರ ಮದರಂಗಿ ಹೆಚ್ಚು ಕೆಂಪು, ಹೇಳಿ! ಎಲ್ಲರದೂ ಫಸ್ಟ್ ಕ್ಲಾಸ್ ಅಂದೆ.

"ನೀವ್ಯಾಕ್ ಆಕ್ಕಂಡಿಲ್ಲ ಮೇಷ್ಟ್ರಮ್ಮ?" ಚಿಕ್ಕದೊಂದು ಕೇಳಿತು. ಪಕ್ಕದವಳು ಚಿವುಟಿ ಬಾಯಿ ಮುಚ್ಚಿಸಿದಳು. ಗಂಡ ಸತ್ತವಳಿಗೆ ಮದರಂಗಿ ಇಲ್ಲ ಅಂತ ಅಷ್ಟುದ್ದದ ಮಗುವಿಗೂ ಗೊತ್ತು. ಅವರು ಹೋಗಿ ನಾಲ್ಕು ವರ್ಷ. ನನಗಿನ್ನೂ ಇಪ್ಪತ್ತೈದು. ಆಸೆ ಇದೆ... ಈ ಡೈರಿಯಲ್ಲಾದರೂ ನಿಜ ಬರೆಯೋಣ.

೫ ಜುಲೈ, ಸಂಜೆ

ಪಕ್ಕದ ಮನೆಯ ಅಖ್ತರ್ ಬೇಗಂ, ಸೈಕಲ್ ಷಾಪಿನ ವಹಾಬ್ ಸಾಹೇಬರ ಹೆಂಡತಿ, ಬೇಲಿಯಿಂದ ಮದರಂಗಿ ಸೊಪ್ಪು ಕೀಳುತ್ತಿದ್ದರು. ನನ್ನ ಕಣ್ಣು ಅಲ್ಲೇ ನೆಟ್ಟಿತ್ತೇನೋ. ಕರೆದರು.

"ಕಾಲುರಿ ಐತಾ ಟೀಚರಮ್ಮ?"

"ಇಲ್ಲವಲ್ಲ."

"ಐತೆ ಅನ್ನಮ್ಮ! ಮೆಹಂದಿ ಸಿಂಗಾರ ಆಮೇಲೆ, ಮೊದ್ಲು ದವಾ, ಮದ್ದು. ನಮ್ಮ ಹಿರೀಕರ ಕಾಲದಿಂದ್ಲೂ ಗಾಯಕ್ಕೆ ಇದೇ, ತಲೆನೋವಿಗೆ ಇದೇ. ಅಂಗಾಲಿಗೆ ಹಚ್ಚಿದ್ರೆ ಯಾರು ಬಗ್ಗಿ ನೋಡ್ತಾರೆ?"

ಅವರ ಯಜಮಾನರ ಗಡ್ಡಕ್ಕೂ ಇದೇ ಬಣ್ಣ. ಗಂಡಸಿನ ಗಡ್ಡಕ್ಕೆ ಸಲ್ಲುತ್ತದೆ, ನನ್ನ ಕೈಗೆ ಸಲ್ಲದು — ಯಾರು ಮಾಡಿದ ಕಾನೂನೋ! ಹಚ್ಚಿಸಿಕೊಂಡೆ. ಎಷ್ಟು ತಣ್ಣಗೆ... ಪುಣ್ಯಾತ್ಗಿತ್ತಿ.

೬ ಜುಲೈ

ಅಂಗಾಲು ಕೆಂಪೋ ಕೆಂಪು. ಬಾಗಿಲು ಹಾಕಿಕೊಂಡು ಮತ್ತೆ ಮತ್ತೆ ನೋಡಿದೆ. ನಗು ಬಂತು, ಅಳುವೂ.

೧೧ ಜುಲೈ

ಸಿಕ್ಕಿಬಿದ್ದೆ. ತುದಿಗಾಲಲ್ಲಿ ನಿಂತು ಅಟ್ಟದಿಂದ ಮಡಕೆ ಇಳಿಸುತ್ತಿದ್ದೆ. ಹಿಂದೆ ಅತ್ತೆ.

"ಏನವ್ವ ಅದು, ಕಾಲು?"

"ಕಾಲುರಿ, ಅತ್ತೆ. ಮದ್ದು."

ಮುಖ ತಿರುಗಿಸಿ ಹೋದರು. ರಾಗಿ ಬೀಸಲು ಕೂತವರು ಬೀಸುತ್ತಲೇ ಇದ್ದರು. ಬಯ್ದಿದ್ದರೆ ಚೆನ್ನಾಗಿತ್ತು. ತೌರಿಗೆ ಹೋಗು ಅಂದುಬಿಟ್ಟರೆ? ಈ ಮನೆಯಲ್ಲಿ ಇರುವುದು ನಾವಿಬ್ಬರೇ. ಅವರಿಗೂ ಗಂಡನಿಲ್ಲ. ಮಗ ಹೋದ ಮೇಲೆ, ಜನ ಆಡಿಕೊಂಡರೂ, ನನ್ನನ್ನು ಟೀಚರ್ ಟ್ರೈನಿಂಗಿಗೆ ಕಳಿಸಿದ್ದು ಅವರೇ. ಅಂಥವರ ಮನಸ್ಸು ನೋಯಿಸಿದೆನಲ್ಲ. ಅವರನ್ನು ಬಿಟ್ಟು ನಾನು ಇರಲಾರೆ.

೧೩ ಜುಲೈ, ಭಾನುವಾರ ಮಧ್ಯಾಹ್ನ

ನಿನ್ನೆಯೂ ಬರೀ ಬೀಸುಕಲ್ಲಿನ ಸದ್ದು. ಇವತ್ತು ಅತ್ತೆ ಪಕ್ಕದ ಮನೆಗೆ ಹೋಗಿ ಬಂದರು. ಜಗಳಕ್ಕೇ ಹೋದರು ಅಂದುಕೊಂಡಿದ್ದೆ. ನೋಡಿದರೆ ಮಡಿಲ ತುಂಬ ಸೊಪ್ಪು! ಹುಣಸೆಹುಳಿ ಹಾಕಿ ತಾವೇ ಅರೆದರು. ತಂದು ನನ್ನ ಮುಂದೆ ಕೂತರು.

"ಕಾಲುರಿ ಅನ್ನೋದು ಕೈಗೂ ಅಂಟೋ ಕಾಯ್ಲೆ ಕಣವ್ವ ಯಸೋದೆ. ಕೈ ಕೊಡು."

"ಅತ್ತೆ... ಜನ?"

"ಕೇಳ್ದೋರ್ಗೆ ಮದ್ದು ಅನ್ನು. ಒಪ್ದೆ ಇದ್ದೋರ್ನ ನನ್ ತಾವ ಕಳ್ಸು."

ಎಡಗೈ ಆಯ್ತು. ಬೆರಳ ತುದಿಗೆಲ್ಲ ಟೋಪಿ, ಅಂಗೈ ನಡುವೆ ದೊಡ್ಡ ಚಂದ್ರ. ಅರೆದು ಹಚ್ಚಿದ ಅವರ ಬೆರಳೂ ಕೆಂಪಾಗುತ್ತಿದೆ. ಅವರು ತೊಳೆದುಕೊಳ್ಳಲಿಲ್ಲ. ಅಳು ತಡೆಯಲಾಗದೆ ಬಲಗೈಲಿ ಇದನ್ನು ಬರೆಯುತ್ತಾ ಕೂತೆ.

"ಬರ್ದಿದ್ ಸಾಕು, ಆ ಕೈನೂ ತತ್ತಾ ಇಲ್ಲಿ" ಅಂತ ಪೆನ್ಸಿಲು ಕಿತ್ತು —