ಬೀರುವಿನ ಬಾಗಿಲ ಹಿಂದಿನ ಕ್ಯಾಲೆಂಡರ್‌ಗಳು

ಅಮ್ಮಾ,

ಬೀರುವಿನ ಬಾಗಿಲ ಹಿಂದೆ ನೀನು ನೇತುಹಾಕುತ್ತಿದ್ದ ಕ್ಯಾಲೆಂಡರ್‌ಗಳನ್ನೆಲ್ಲ ರಿಜಿಸ್ಟರ್ ಅಂಚೆಯಲ್ಲಿ ಕಳಿಸು. ಎಸೆದುಬಿಟ್ಟೆ ಎನ್ನಬೇಡ, ನೀನು ಹರಿದ ಅಂಗಿಯ ಗುಂಡಿಯನ್ನೂ ಎಸೆಯುವವಳಲ್ಲ.

ಹೋದ ವಾರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಾಗಲೇ ಫಿಟ್ಸ್ ಬಂತು. ಬಲಗೈ ಸುಟ್ಟಿದೆ. ಇದು ಎಡಗೈ ಬರಹ. ಟೀಚರಾಗಿದ್ದವಳು, ತಿದ್ದಲು ಕೂರಬೇಡ.

"ಮುಟ್ಟಾಗೋ ಹೊತ್ತಿಗೇ ಬರುತ್ತಾ? ತಾರೀಖು ಬರೆದಿಟ್ಟಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದರು. ನಗು ಬಂತು. ಮುಟ್ಟಿಗೆ ಕೆಂಪು ಚುಕ್ಕೆ, ಫಿಟ್ಸಿಗೆ ನೀಲಿ ಚುಕ್ಕೆ, ಹದಿಮೂರು ವರ್ಷ ಒಂದು ತಿಂಗಳೂ ತಪ್ಪಿಸಿದವಳಲ್ಲ ನೀನು. ಆ ಚುಕ್ಕೆ ನೋಡಿಯೇ ನನ್ನನ್ನು ಶಾಲೆಗೆ ಕಳಿಸದೆ ಕೋಣೆಯಲ್ಲಿ ಕೂರಿಸುತ್ತಿದ್ದೆ. ಚುಕ್ಕೆ ತಪ್ಪಿಸಿಯೇ ಮದುವೆಯ ದಿನ ಗೊತ್ತುಮಾಡಿದೆ. "ಗಂಡನ ಮುಂದೆ ಬಾಯಿಬಿಟ್ರೆ ನಿನ್ ಬಾಳು ಹಾಳು" ಎಂದೆ.

ಚುಕ್ಕೆಗಳ ವಿಷಯ ಹೇಳಿದಾಗ ಡಾಕ್ಟರಮ್ಮ, "ಅಯ್ಯೋ, ಒಂದ್ಸಲ ತಂದು ತೋರ್ಸಿದ್ರೆ ಆ ದಿನಗಳಿಗೆ ಅಂತ ಬೇರೆ ಮಾತ್ರೆ ಕೊಡ್ಬೋದಿತ್ತಲ್ಲಮ್ಮ!" ಎಂದರು. ನಮ್ಮಮ್ಮನಿಗೆ ಅಕ್ಷರ ಬರುವುದಿಲ್ಲ ಎಂದು ಸುಳ್ಳು ಹೇಳಿ ನಿನ್ನ ಮಾನ ಉಳಿಸಿದೆ.

ಈ ವರ್ಷದ ಕ್ಯಾಲೆಂಡರನ್ನು ಬಂದವರಿಗೆಲ್ಲ ಕಾಣುವಂತೆ ನಡುಮನೆಯ ಗೋಡೆಗೇ ಹಾಕಿದ್ದೇನೆ. ಚುಕ್ಕೆ ಇಡುವವನು ನಿನ್ನ ಅಳಿಯ. ನೀನು ಬಂದಾಗ ಅದನ್ನು ತಿರುಗಿಸಿ ಹಾಕಬೇಡ.

ಇಷ್ಟೇ,
ನಿನ್ನ ದೊಡ್ಡ ಮಗಳು