ತನ್ಮಯಿಯ ಇಪ್ಪತ್ನಾಲ್ಕು ಪೆನ್ಸಿಲ್‌ಗಳು

ಭಾನು,

ಆಬರ್ನ್ ಹಿಲ್ಸ್‌ನ ಆಫೀಸಿನಲ್ಲಿ ಬೆಳಿಗ್ಗೆ ಏಳಕ್ಕೇ ಮೀಟಿಂಗ್ ಇದೆ, ನಿಮ್ಮಿಬ್ಬರನ್ನೂ ಎಬ್ಬಿಸದೆ ಹೊರಟೆ. ತನ್ಮಯಿಯ ಬಸ್ಸು ಎಂಟು ಇಪ್ಪತ್ತಕ್ಕೆ. ಎಲ್ಲಿ ನಿಲ್ಲುತ್ತದೆಂದು ನಿನ್ನೆ ಎರಡು ಸಲ ಹೋಗಿ ನೋಡಿ ಬಂದಿದ್ದೇನೆ, ನಮ್ಮ ತಿರುವಿನಲ್ಲೇ. ಚಿತ್ರಾನ್ನ ಕಲಸಿದ್ದೇನೆ. ಅಲರ್ಜಿ ಇರುವ ಮಕ್ಕಳಿದ್ದಾರೆಂದು ಈ ಅಮೆರಿಕದ ಶಾಲೆಗೆ ಕಡಲೆಕಾಯಿ ಬೀಜ ತರಬಾರದಂತೆ, ಹಾಕಿಲ್ಲ; ಆದರೂ ನೀನೊಮ್ಮೆ ನೋಡಿಬಿಡು.

ಪೆನ್ಸಿಲ್‌ಗಳು ದೇವರ ಮುಂದಿವೆ. ಇಪ್ಪತ್ನಾಲ್ಕಕ್ಕೂ ಕುಂಕುಮ ಇಟ್ಟು ಅವಳ ಹೆಸರು ಬರೆಯುತ್ತಿದ್ದಾಗ, "ಏನ್ರೀ, ಪೆನ್ಸಿಲ್‌ಗೂ ನಾಮಕರಣಾನಾ?" ಎಂದು ನಕ್ಕೆಯಲ್ಲ? ಆಮೇಲೆ ಟೀಚರ್ ಪತ್ರವನ್ನು ಸರಿಯಾಗಿ ಓದಿದೆ. ಎಲ್ಲರ ಪೆನ್ಸಿಲ್‌ಗಳನ್ನೂ ಒಂದೇ ಡಬ್ಬದಲ್ಲಿ ಹಾಕಿ ಹಂಚಿಕೊಳ್ಳುತ್ತಾರಂತೆ, ಹೆಸರು ಬರೆಯಬಾರದಂತೆ. ಹೊಸ ಶಾಲೆಯಲ್ಲಿ ಮೊದಲ ದಿನವೇ ನನ್ನಿಂದ ಅವಳಿಗೆ ಮುಜುಗರವಾಗುತ್ತದೆ ಎಂದು ಹೆಸರುಗಳನ್ನು ಉಜ್ಜಿ ಅಳಿಸಲು ಕೂತೆ.

ಮೂರನೆಯದಕ್ಕೆ ಕೈ ಹಾಕುವಾಗ ಅವಳೇ ಬಂದು ತಡೆದಳು. "ಲೀವ್ ಇಟ್, ಅಪ್ಪಾ. ದೆನ್ ಎವ್ರಿಬಡಿ ವಿಲ್ ನೋ ಮೈ ನೇಮ್."

ನಾನು ಸಂಜೆ ಕಾಲೇಜಿನಲ್ಲಿ ಮೂರು ವರ್ಷ ಓದಿದೆ. ಪಕ್ಕದಲ್ಲಿ ಕೂತವನಿಗೂ ನನ್ನ ಹೆಸರು ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಈ ಧೈರ್ಯ ಅವಳಿಗೆ ನಿನ್ನಿಂದಲೇ ಬಂದಿರಬೇಕು.

ಆದ್ದರಿಂದ ಹೆಸರು ಅಳಿಸಬೇಡ. ಟೀಚರ್ ಕೇಳಿದರೆ ತಪ್ಪು ನನ್ನದೆಂದು ಹೇಳು. ಕುಂಕುಮ ಮಾತ್ರ ಒರೆಸಿಬಿಡು, ಬೇರೆ ಮಕ್ಕಳ ಕೈಗೆ ಅಂಟೀತು.

ಉಜ್ಜಿದ್ದ ಎರಡರ ಮೇಲೂ ಈಗ ಮತ್ತೆ ಬರೆದಿದ್ದೇನೆ. ಅವಳನ್ನು ಬಿಟ್ಟು ಕ್ಲಾಸಿನಲ್ಲಿ ಸರಿಯಾಗಿ ಇಪ್ಪತ್ನಾಲ್ಕು ಮಕ್ಕಳು.

ಪದ್ಮನಾಭ