ಮಾವನವರ ದನಿ ಇದ್ದ ಡಬ್ಬಿ

ಬ್ಯಾಡಗಿ
ಗುರುವಾರ, 8-2-2007

ಪ್ರೀತಿಯ ಇವರಿಗೆ,

ನಿಮ್ಮ ದ್ರಾಕ್ಷಾಯಿಣಿ ಮಾಡುವ ನಮಸ್ಕಾರ. ಅಲ್ಲಿಯ ಗಡಿಯ ಚಳಿಗೆ ಕೈಬೆರಳು ಮತ್ತೆ ಒಡೆದಿವೆಯೋ ಹೇಗೆ? ಅತ್ತೆ ಕಟ್ಟಿಕೊಟ್ಟ ಕೊಬ್ಬರಿ ಎಣ್ಣೆಯನ್ನು ನೀವೇ ಹಚ್ಚಿಕೊಳ್ಳುತ್ತೀರೋ, ಜೊತೆಯವರಿಗೆಲ್ಲ ಹಂಚಿ ಬಾಟಲಿ ತೊಳೆದಿಟ್ಟಿದ್ದೀರೋ, ನಿಜ ಬರೆಯಿರಿ. ಇಲ್ಲಿ ನಾವು ಆರಾಮ. ಸುಶ್ಮಿತಾಳ ಮುಂದಿನ ಎರಡು ಹಲ್ಲು ಬಿದ್ದಿವೆ. 'ಅಪ್ಪಾ ಬಂದಾಗ ನನ್ನ ಗುರ್ತು ಹಿಡೀತಾನೋ ಇಲ್ಲೋ' ಎಂದು ಕನ್ನಡಿ ಮುಂದೆ ನಿಂತು ಚಿಂತೆ ಮಾಡುತ್ತಾಳೆ. ಈ ಸಲದ ಪತ್ರ ಉದ್ದವಾಗುತ್ತದೆ. ಕೆಟ್ಟ ಸುದ್ದಿ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕೊನೆಯ ಪುಟವನ್ನೇ ಮೊದಲು ಓದುವವರು.

ದಸರೆಯ ರಜೆ ಮುಗಿಸಿ ಹೋಗುವಾಗ ನೀವು ಆ ಎಂಪಿತ್ರೀ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, 'ಇದನ್ನ ಅಲ್ಲಿ ಒಯ್ಯಾಕ ಬಿಡೂದಿಲ್ಲ, ನೀನ ಹಾಡ ಕೇಳ್ಕೋಂತ ಇರು' ಎಂದಿದ್ದಿರಿ. ಬೆಂಕಿಪೊಟ್ಟಣಕ್ಕಿಂತ ಸಣ್ಣದು. ತಿರುಗುವ ರೀಲಿಲ್ಲ, ಒಳಗೆ ಏನೂ ಅಲುಗಾಡುವುದಿಲ್ಲ, ಆದರೂ ನೂರಾ ಹದಿನಾಲ್ಕು ಹಾಡು. ನಾನು ಎಣಿಸಿದ್ದೇನೆ. ಒಂದು ಸಣ್ಣ ಸೆಲ್ಲು ಹಾಕಿದರೆ ನಾಲ್ಕೈದು ದಿನ ದಣಿಯುವುದೇ ಇಲ್ಲ. ಮೊದಮೊದಲು ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಿದ್ದೆ. ಸಂಕ್ರಾಂತಿಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಶುರುವಾದಾಗ ಶೆಡ್ಡಿಗೆ ಒಯ್ದೆ. ಮೊದಲ ದಿನವೇ ಖಾರದ ಕೈಯಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಸಂಜೆಯವರೆಗೆ ಕಿವಿ ಉರಿದು ಕೆಂಪಾಯಿತು. ಪಕ್ಕದ ಮನೆಯ ಚಮನಬಿ ಒಂದು ಕಿವಿಯ ವೈರನ್ನು ತಾನು ಇಟ್ಟುಕೊಂಡು ಬಹಳ ಹೊತ್ತು ಕೇಳಿದಳು. ಆಮೇಲೆ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, 'ಇಷ್ಟು ಮಂದಿ ಇದರೊಳಗ ಕುಂತು ಉಸುರು ಹೆಂಗ ಆಡ್ತಾರವಾ' ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನನಗೂ ಅದೇ ಅನುಮಾನ ಇತ್ತು.

ಮಾವನವರ ಸ್ಥಿತಿ ನಿಮಗೆ ಗೊತ್ತೇ ಇದೆ. ಕಾರ್ತಿಕದಲ್ಲಿ ಲಕ್ವಾ ಹೊಡೆದ ಮೇಲೆ ಬಲಗೈ, ಬಲಗಾಲು ಸ್ವಲ್ಪ ಸುಧಾರಿಸಿದವು, ಮಾತು ಮಾತ್ರ ಬರಲಿಲ್ಲ. ನಿಮಗೆ ಫೋನಿನಲ್ಲಿ ಹೇಳದ ಸಂಗತಿಯೂ ಇದೆ. ಜನವರಿಯಲ್ಲಿ ಅವರು ಊಟ ಬಿಡತೊಡಗಿದ್ದರು. ಗಂಗಾಳ ಮುಂದಿಟ್ಟರೆ ಎಡಗೈಯಿಂದ ದೂಡಿ ಗೋಡೆಯ ಕಡೆ ತಿರುಗಿ ಮಲಗುವರು. ಮೆಣಸಿನಕಾಯಿ ಪೇಟೆಯಲ್ಲಿ ನಲವತ್ತು ವರ್ಷ ಚೀಲ ತೂಗಿ, ಲೆಕ್ಕವನ್ನು ಈ ಮೂಲೆಯಿಂದ ಆ ಮೂಲೆಗೆ ಕೇಳಿಸುವಂತೆ ಕೂಗಿದ ಮನುಷ್ಯ ಒಂದು ಲೋಟ ನೀರು ಕೇಳಲು ಬಾಯಿ ತೆರೆದರೆ 'ಬ ಬ' ಎಂದಷ್ಟೇ ಬರುತ್ತಿತ್ತು. ಆ ಸದ್ದು ತಮ್ಮ ಕಿವಿಗೇ ಬಿದ್ದು ನಾಚಿ ಬಾಯಿ ಮುಚ್ಚಿಕೊಳ್ಳುವರು. ಅತ್ತೆ ದೇವರ ಮುಂದೆ ಕುಳಿತು ಅಳುವುದನ್ನೂ ಬಿಟ್ಟಿದ್ದರು.

ಆ ದಿನಗಳಲ್ಲಿ ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಹಾಡು ಕೇಳುತ್ತಿದ್ದೆ. ಯಾವ ಗುಂಡಿ ಒತ್ತಿದೆನೋ, ಹಾಡು ನಿಂತು ಯಾರೋ ಕೆಮ್ಮಿದರು. ಹಿಂದೆಯೇ ಸ್ಪಷ್ಟವಾಗಿ, 'ಸುನೀಲಾ, ಆ ಡಬ್ಬಿ ಆಚೆ ಇಡು. ಮೊದಲ ಕುಂದ್ರು' ಎಂಬ ಮಾತು. ಮಾವನವರ ದನಿ, ನಿಮ್ಮನ್ನು ಕರೆಯುತ್ತಿದೆ. ಮೊರ ಕೈಯಿಂದ ಜಾರಿತು. ತಿರುಗಿ ನೋಡಿದರೆ ಅವರು ಪಡಸಾಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಕಿವಿಯೊಳಗೆ ಅವರೇ ಗಂಟಲು ಸರಿಮಾಡಿಕೊಂಡು ಭಜನೆ ಎತ್ತಿಕೊಳ್ಳುತ್ತಿದ್ದಾರೆ. ನೀವು ರಜೆಯಲ್ಲಿದ್ದಾಗ ಸೋಮವಾರದ ಭಜನೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಇದನ್ನು ಇಟ್ಟು ದನಿ ಹಿಡಿದುಕೊಂಡಿರಬೇಕು. ನನಗೆ ಹೇಳಲೇ ಇಲ್ಲ. ಪೆಟ್ಟಿಗೆ ಬಾರಿಸುವ ಹನುಮಪ್ಪ ಕಾಕಾ, ತಾಳದವರು, ಹೊರಗೆ ಬೊಗಳುವ ನಾಯಿ ಸಮೇತ ಎಲ್ಲವೂ ಅದರೊಳಗಿದ್ದವು. ಮನೆಯಲ್ಲಿ ಮೂರು ತಿಂಗಳಿಂದ ಇಲ್ಲದ ದನಿ ನನ್ನ ಟ್ರಂಕಿನಲ್ಲೇ ಇತ್ತು.

ಅತ್ತೆಗೆ ಕೇಳಿಸಿದೆ. ಅರ್ಧ ಕೇಳಿ ವೈರು ಕಿತ್ತು ನನ್ನ ಮಡಿಲಿಗೆ ಹಾಕಿ, 'ಅವರಿಗೆ ಕೇಳಸಬ್ಯಾಡ ದಾಕ್ಷಾ. ಹೋದ ದನಿ ಕೇಳಿಸಿ ಯಾಕ ಹೊಟ್ಟಿ ಉರಸ್ತಿ' ಎಂದರು. ಅದೂ ಸರಿ ಅನ್ನಿಸಿತು. ಎಂಟು ದಿನ ಸುಮ್ಮನಿದ್ದೆ. ಒಂಬತ್ತನೆಯ ದಿನ ಗಂಗಾಳ ಮತ್ತೆ ಗೋಡೆಗೆ ಬಡಿಯಿತು. ಅನ್ನ ಬಳಿದು ತೆಗೆಯುತ್ತ ನೋಡಿದೆ, ಅವರ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಮದುವೆಯಾಗಿ ಎಂಟು ವರ್ಷ, ಅವರ ಎದುರು ನಾನು ಸೆರಗು ಸರಿಮಾಡದೆ ನಿಂತವಳಲ್ಲ, ಮುಖ ಎತ್ತಿ ಮಾತಾಡಿದವಳಲ್ಲ. ಅಂಥವಳು ಕೈ ತೊಳೆದುಕೊಂಡು ಬಂದು, 'ತಪ್ಪು ತಿಳೀಬ್ಯಾಡ್ರಿ' ಎಂದು, ಅವರ ಎಡಗಿವಿಗೆ ವೈರು ಇಟ್ಟು ಗುಂಡಿ ಒತ್ತಿದೆ.

ಅವರು ತಲೆ ಎತ್ತಿ ಬಾಗಿಲ ಕಡೆ ನೋಡಿದರು, ಯಾರೋ ಬಂದರು ಎಂಬಂತೆ. ಆಮೇಲೆ ಗುರುತು ಹತ್ತಿತು. ಮುಖ ಕಪ್ಪಾಗಿ, ವೈರನ್ನು ಕಿತ್ತು ಬಿಸಾಡಿದರು. ಅತ್ತೆ ಹೇಳಿದ್ದೇ ಖರೇ ಆಯಿತು ಎಂದುಕೊಂಡು ಡಬ್ಬಿ ಎತ್ತಿಕೊಂಡು ಹೊರಟೆ. ಹಿಂದಿನಿಂದ ಮಂಚ ಬಡಿದ ಸದ್ದು. ಎಡಗೈಯಿಂದ ಮಂಚವನ್ನು ಬಡಿದು ಕರೆಯುತ್ತಿದ್ದರು. ಕಿವಿ ತೋರಿಸಿದರು.

ಎರಡನೆಯ ಸಲ ಕಣ್ಣು ಮುಚ್ಚಿ ಕೇಳಿದರು. ನಾನು ಮಂಚದ ಕಾಲಿನ ಹತ್ತಿರ ಕುಳಿತೆ. ಅವರ ಎಡಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ತುಟಿ ಅಲುಗಿತು. ಮೊದಲು ಬರೀ ಉಸಿರು, ಆಮೇಲೆ ಗೊಗ್ಗರು ದನಿ, ಆಮೇಲೆ ನೋಡಿ, ಪೂರ್ತಿ ಸಾಲು: 'ಮುಳ್ಳ ತುಳಿದರೂ ಬರುವೆ ತಂದೆ, ಕೈಯ ಬಿಡಬ್ಯಾಡ.' ಅಕ್ಷರ ಸ್ವಲ್ಪ ತೊದಲಿದವು, ಆದರೆ ಒಂದೂ ತಪ್ಪಿರಲಿಲ್ಲ. ಅಡುಗೆಮನೆಯಿಂದ ಅತ್ತೆ, 'ದನಿ ಸಣ್ಣದು ಮಾಡವಾ, ಅವರಿಗೆ ಕೇಳಸ್ತೈತಿ' ಎಂದು ಗದರುತ್ತ ಬಂದರು. ಬಂದವರು ಹೊಸ್ತಿಲಲ್ಲೇ ನಿಂತರು. ವೈರು ಕಿವಿಯಲ್ಲಿದ್ದರೆ ಆ ಡಬ್ಬಿಯ ದನಿ ಹೊರಗೆ ಬರುವುದಿಲ್ಲ ಎಂಬುದು ಅಲ್ಲಿ ನಿಂತಾಗ ಅವರಿಗೆ ಹೊಳೆಯಿತು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಮಂಚದ ಹತ್ತಿರ ಬಂದು ನೆಲಕ್ಕೆ ಕುಳಿತು, ಭಜನೆ ಮುಗಿಯುವವರೆಗೆ ಅವರ ಬಾಯಿಯನ್ನೇ ನೋಡಿದರು.

ಹಾಡು ನಿಂತ ಮೇಲೆ ಮಾತಾಡಿಸಿದರೆ ಮತ್ತೆ 'ಬ ಬ' ಅಷ್ಟೇ. ಹನುಮಪ್ಪ ಕಾಕಾನನ್ನು ಕರೆಸಿದೆವು. ಅವನು ಪೆಟ್ಟಿಗೆ ಹೊತ್ತು ತಂದು ದಿನಾ ಸಂಜೆ ಅದೇ ಧಾಟಿ ಬಾರಿಸಿದ. ನಿಮ್ಮ ಮಗಳಿಗೆ ಎಲ್ಲವೂ ಆಟ. ನಾಲ್ಕನೆಯ ದಿನ ಊಟದ ಹೊತ್ತಿಗೆ ಅವಳು ಭಜನೆಯ ಧಾಟಿಯಲ್ಲೇ, 'ಅಜ್ಜಾ ಸಾರು ಹೆಂಗೈತಿ, ಹೇಳು ಹೆಂಗೈತಿ' ಎಂದು ಹಾಡಿ ಕೇಳಿದಳು. ಮಾವನವರು ತೊಡೆಯ ಮೇಲೆ ತಾಳ ಹಾಕಿ, ಕಣ್ಣು ಮುಚ್ಚಿ, ಅದೇ ಧಾಟಿಯಲ್ಲಿ, 'ಸಾರಿಗಿ ಉಪ್ಪಿಲ್ಲ ತಾಯಿ, ಉಪ್ಪು ಹಾಕಿಲ್ಲ' ಎಂದರು. ಮೂರು ತಿಂಗಳ ಮೇಲೆ ಅವರು ತಮ್ಮದಾಗಿ ಆಡಿದ ಮೊದಲ ಮಾತು ಅದು. ಅತ್ತೆ ನಗುತ್ತ ಅಳುತ್ತ ಉಪ್ಪಿನ ಡಬ್ಬಿಯನ್ನೇ ತಂದು ಅವರ ಮುಂದಿಟ್ಟರು.

ರಾಣೆಬೆನ್ನೂರಿನ ಡಾಕ್ಟರಿಗೆ ತೋರಿಸಿದೆವು. ಅವರಿಗೆ ನಮ್ಮಷ್ಟು ಆಶ್ಚರ್ಯ ಆಗಲಿಲ್ಲ. 'ತಲಿಯೊಳಗ ಮಾತಿನ ಜಾಗಾ ಬ್ಯಾರೆ, ಹಾಡಿನ ಜಾಗಾ ಬ್ಯಾರೆ ಐತ್ರಿ. ಮಾತಿನ ದಾರಿ ಕಟ್ಟಾಗೇತಿ, ಹಾಡಿನ ದಾರಿ ಉಳದೈತಿ. ಅದರಾಗ ನಡಸ್ರಿ, ಬಿಡಬ್ಯಾಡ್ರಿ' ಎಂದರು. ಪೂರ್ತಿ ಸರಿಹೋಗುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ನಿಮಗೆ ಹಾಗೆ ಬರೆಯುವುದಿಲ್ಲ. ಕೆಲವು ದಿನ ಏನೂ ಬರುವುದಿಲ್ಲ. ಆದರೆ ಊಟ ಬಿಟ್ಟಿಲ್ಲ. ಬಸ್ಸಿನಲ್ಲಿ ಬರುವಾಗ ಇಡೀ ದಾರಿ ನನಗೆ ಒಂದೇ ಯೋಚನೆ. ಇಷ್ಟು ಸಣ್ಣ ಡಬ್ಬಿಯಲ್ಲಿ ಹಾಡು ಎಲ್ಲಿರುತ್ತದೆ ಎಂದು ಬೆರಗಾಗುತ್ತಿದ್ದೆನಲ್ಲ, ಮನುಷ್ಯನ ತಲೆಯಲ್ಲಿ ಅದು ಎಲ್ಲಿರುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಇನ್ನೊಂದು ಮಾತು. ನೀವು ಮಿಲಿಟರಿ ನೌಕರಿಯ ವರ್ಷ ಮುಂದುವರಿಸಿದ್ದಕ್ಕೆ ಅವರು ಸಿಟ್ಟಾಗಿ, ಆ ರಜೆಯಲ್ಲಿ ನಿಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಫೋನಿನಲ್ಲಿ ನಿಮ್ಮ ದನಿ ಕೇಳಿ ರಿಸೀವರ್ ತಳ್ಳಿದ್ದನ್ನು ನೀವು ಸಿಟ್ಟೆಂದೇ ತಿಳಿದಿದ್ದೀರಿ. ಹತ್ತಿರ ನಿಂತು ನೋಡಿದವಳು ನಾನು. ಮಗನ ಮುಂದೆ 'ಬ ಬ' ಎನ್ನಲು ಅವರಿಗೆ ನಾಚಿಕೆಯಾಗಿತ್ತು, ಅಷ್ಟೇ.

ಅತ್ತೆಯ ಆಶೀರ್ವಾದ, ಚಮನಬಿಯ ಸಲಾಮು, ಹಲ್ಲಿಲ್ಲದವಳ ಮುತ್ತು. ಮೈ ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ
ದ್ರಾಕ್ಷಾಯಿಣಿ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮಾರ್ಚ್ ಮೊದಲ ರವಿವಾರ ನೀವು ಫೋನು ಮಾಡುವ ಹೊತ್ತಿಗೆ ಮಾವನವರನ್ನು ಚಮನಬಿಯ ಮನೆಯ ಫೋನಿನ ಹತ್ತಿರ ಕೂರಿಸಿರುತ್ತೇನೆ. 'ಅಪ್ಪಾ, ಹೆಂಗದಿ' ಎಂದು ಕೇಳಬೇಡಿ. ಆ ಭಜನೆಯ ಮೊದಲ ಸಾಲನ್ನು ನೀವೇ ಎತ್ತಿಕೊಳ್ಳಿ, ಜೊತೆಯವರು ನಕ್ಕರೆ ನಗಲಿ. ಎರಡನೆಯ ಸಾಲನ್ನು ಅವರಿಗೆ ಬಿಟ್ಟು ಕಾಯಿರಿ. ಸ್ವಲ್ಪ ತಡವಾಗುತ್ತದೆ, ಫೋನು ಇಡಬೇಡಿ. ನಿನ್ನೆಯಿಂದ ಅವರು ಆ ಧಾಟಿಯಲ್ಲಿ ನಿಮ್ಮ ಹೆಸರನ್ನು ಕೂರಿಸಲು ಜಾಗ ಹುಡುಕುತ್ತಿದ್ದಾರೆ.